ಬಕೆಟ್ಟಿಗೆ ಕೊಟ್ಟ ಇಂಗಿನ ಹೊಗೆ

ತೊಳೆದ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ನೋಡುವವರನ್ನು ಜನ ಅತಿ ಅನ್ನುತ್ತಾರೆ. ಅನ್ನಲಿ. ನಾನು ಮೂಸಿಯೇ ನೋಡುತ್ತೇನೆ. "ಚೆನ್ನಾಗಿ ತೊಳೆದಿಟ್ಟಿದ್ದೇನೆ" ಎಂದು ಈಗ ಯಾರು ಹೇಳಿದರೂ ಮೊದಲು ಮುಚ್ಚಳ ತೆಗೆಯುತ್ತೇನೆ, ಆಮೇಲೆ ನಲ್ಲಿ ಬಿಚ್ಚುತ್ತೇನೆ, ಕೊನೆಗೆ ನಲ್ಲಿಯ ಒಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಎಬ್ಬಿಸಿ ಅದನ್ನೂ ಮೂಸುತ್ತೇನೆ. ಈ ಅಭ್ಯಾಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ದೋಹಾದಲ್ಲಿ, ಒಂದು ಬೇಸಿಗೆಯ ಆರಂಭದಲ್ಲಿ, ಎಲ್ಲರೂ ಸೇರಿ ಕಲಿಸಿದ್ದು.

ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಉಡುಪಿ ಕಡೆಯ ದಂಪತಿಯ ಮನೆಯಲ್ಲಿ, ನನ್ನದೊಂದು ಕೋಣೆ. ಅವರನ್ನು ಅಕ್ಕ, ಭಾವ ಎಂದೇ ಕರೆಯುತ್ತೇನೆ. ರಕ್ತಸಂಬಂಧವಿಲ್ಲ, ಅಡುಗೆಮನೆಯ ಸಂಬಂಧ. ನನ್ನ ಊರು ಮೈಸೂರು. ಕೆಲಸ ಒಂದು ಕಟ್ಟಡ ಕಂಪನಿಯಲ್ಲಿ, ಯಾವ ನಕ್ಷೆ ಯಾವತ್ತು ಬಂತು, ಯಾರ ಕೈಗೆ ಹೋಯಿತು, ಯಾವುದು ಹಳೆಯದಾಯಿತು ಎಂದು ದಾಖಲಿಸುವುದು. ಮನೆಗೆ ಬಂದ ಮೇಲೂ ಅದೇ ಚಾಳಿ. ದಿನಾ ಡೈರಿ ಬರೆಯುತ್ತೇನೆ, ಸಣ್ಣಪುಟ್ಟದ್ದಕ್ಕೂ ಲೆಕ್ಕ ಇಡುತ್ತೇನೆ. ಇದನ್ನು ಭಾವ ತಮಾಷೆ ಮಾಡುತ್ತಾರೆ: "ಇವತ್ತು ಎಷ್ಟು ಸಲ ಸೀನಿದೆ, ಬರ್ದಿಟ್ಟಿದ್ದೀಯಾ?"

ನನಗೆ ಕೊಂಬುಚಾ ಮಾಡುವ ಹುಚ್ಚು. ಕೊಂಬುಚಾ ಎಂದರೆ ಏನೂ ಅಲ್ಲ, ಹುದುಗಿಸಿದ ಚಹಾ. ಸಕ್ಕರೆ ಹಾಕಿದ ಕರಿಚಹಾ ತಣ್ಣಗಾದ ಮೇಲೆ ಅದರಲ್ಲಿ ಹೆಪ್ಪಿನ ಹಾಗೆ ಒಂದು ಪದರ ಬಿಡಬೇಕು. ಸರಿಯಾಗಿ ಬೇಯದ ನೀರುದೋಸೆಯಂತೆ ಕಾಣುವ ಆ ಪದರವನ್ನು ಮಾಡುವವರು 'ತಾಯಿ' ಅನ್ನುತ್ತಾರೆ. ತಾಯಿ ಒಂದು ವಾರ ತೇಲುತ್ತಾ ಸಿಹಿಯನ್ನೆಲ್ಲ ತಿಂದು ಚಹಾವನ್ನು ಹುಳಿ ಮಾಡುತ್ತಾಳೆ. ಆಫೀಸಿನಿಂದ ಬೆವೆತು ಬಂದು ಅದರಲ್ಲಿ ಶುಂಠಿ ಹಿಂಡಿ ಒಂದು ಲೋಟ ಕುಡಿದರೆ ಹೊರಗಿನ ಬಿಸಿ ಮರೆತೇಹೋಗುತ್ತದೆ. ಇದಕ್ಕಾಗಿ ನನ್ನ ಹತ್ತಿರ ಒಂದು ಬಿಳಿ ಪ್ಲಾಸ್ಟಿಕ್ ಬಕೆಟ್ ಇತ್ತು. ಗಟ್ಟಿ ಮುಚ್ಚಳ, ಬುಡದಲ್ಲಿ ಪುಟ್ಟ ನಲ್ಲಿ. ಅದರೊಳಗೆ ಚಹಾ ಬಿಟ್ಟು ಬೇರೇನನ್ನೂ ನಾನು ಹಾಕಿರಲಿಲ್ಲ. ಪ್ಲಾಸ್ಟಿಕ್ಕಿಗೆ ನೆನಪು ಜಾಸ್ತಿ. ಒಮ್ಮೆ ಕುಡಿದ ವಾಸನೆಯನ್ನು ಅದು ಬಿಡುವುದಿಲ್ಲ.

ಏಪ್ರಿಲ್‌ನಲ್ಲಿ ರಜೆಯ ಮೇಲೆ ಮೈಸೂರಿಗೆ ಹೋದೆ. ತಾಯಿಯನ್ನು ಒಂದು ಗಾಜಿನ ಬಾಟಲಿಯಲ್ಲಿ ಹಾಕಿ ನನ್ನ ಕೋಣೆಯ ಕಪಾಟಿನಲ್ಲಿಟ್ಟು, ಖಾಲಿ ಬಕೆಟ್ಟನ್ನು ತೊಳೆದು ಒಣಗಿಸಿ ಬಾಲ್ಕನಿಯ ಮೂಲೆಯಲ್ಲಿಟ್ಟಿದ್ದೆ. ಹೋಗಿ ಮೂರನೆಯ ದಿನವೋ ನಾಲ್ಕನೆಯ ದಿನವೋ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಅಕ್ಕನ ಫೋನು ಬಂತು. ಸುತ್ತ ಗದ್ದಲ, ಮಾತು ತುಂಡುತುಂಡಾಗಿ ಕೇಳುತ್ತಿತ್ತು.

"ನಿನ್ನ ಬಕೆಟ್ ಉಂಟಲ್ಲ ಮಾರಾಯ್ತಿ... ಒಮ್ಮೆ ತಕೊಳ್ಲಾ... ಒಳೆಗೆ..."

"ತೊಳೆಯಕ್ಕಾ?" ಅಂದೆ. ವಾಷಿಂಗ್ ಮೆಷಿನ್ ಮತ್ತೆ ಕೆಟ್ಟಿರಬೇಕು, ಬಟ್ಟೆ ತೊಳೆಯಲು ಬಕೆಟ್ ಬೇಕಾಗಿದೆ ಎಂದುಕೊಂಡೆ.

"ಹಾಂ, ಅದೇ ಅದೇ."

"ತಗೊಳ್ಳಿ ಅಕ್ಕ, ಅದಕ್ಕೇನು." ಸೋಪಿನ ಘಮವಾದರೆ ಎರಡು ಸಲ ಬಿಸಿನೀರು ಹಾಕಿದರೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಫೋನಿಟ್ಟೆ. ಆ ಮಾತು ಅಲ್ಲಿಗೆ ಮರೆತೂ ಹೋಯಿತು.

ಮೇ ತಿಂಗಳಲ್ಲಿ ವಾಪಸ್ ಬಂದೆ. ಪೆಟ್ಟಿಗೆ ಇಳಿಸುವ ಮೊದಲೇ ಅಕ್ಕ ಬಕೆಟ್ಟನ್ನು ತಂದು ನನ್ನ ಕೋಣೆಯ ಬಾಗಿಲಲ್ಲಿಟ್ಟರು. "ಚೆಂದ ತೊಳ್ದಿಟ್ಟಿದ್ದೇನೆ ಆಯ್ತಾ. ಸ್ಟೀಲ್ ಸ್ಕ್ರಬ್ಬರ್ ಹಾಕಿ ಉಜ್ಜಿದ್ದೇನೆ. ಇಂಗಿನ ಹೊಗೆ ಸಹ ಕೊಟ್ಟಿದ್ದೇನೆ. ಇನ್ನು ನಿನಗೆ ತಲೆಬಿಸಿ ಇಲ್ಲ."

ಇಂಗಿನ ಹೊಗೆ ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಅವರ ಕಡೆ ಉಪ್ಪಿನಕಾಯಿ ತುಂಬುವ ಮೊದಲು ಕೆಂಡದ ಮೇಲೆ ಇಂಗು ಉದುರಿಸಿ, ಆ ಹೊಗೆಯ ಮೇಲೆ ಭರಣಿಯನ್ನು ಬೋರಲು ಹಾಕುತ್ತಾರೆ. ಹುಳ ಬರುವುದಿಲ್ಲ, ಹಳೆಯ ವಾಸನೆ ಹೋಗುತ್ತದೆ, ಉಪ್ಪಿನಕಾಯಿಗೂ ಒಳ್ಳೆಯ ಘಮ. ಪಿಂಗಾಣಿಯ ಭರಣಿಗೆ ಅದೆಲ್ಲ ಸರಿ. ಇವರು ಅದನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಕೊಟ್ಟಿದ್ದರು. ಕೆಂಡಕ್ಕೆ ಬೇರೆ ದಾರಿಯಿಲ್ಲದೆ ಇಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಬುಖೂರ್ ಎಂಬ ಧೂಪ ಹಾಕಲೆಂದು ಸಿಗುವ ಗುಂಡನೆಯ ಇದ್ದಿಲ ಬಿಲ್ಲೆ ಹೊತ್ತಿಸಿ. ಬಕೆಟ್ಟಿನ ಬಾಯಂಚಿನಲ್ಲಿ ಒಂದು ಕಡೆ ಕರಗಿ ಸುಕ್ಕಾಗಿತ್ತು. ಒಳಗೆಲ್ಲ ಸ್ಕ್ರಬ್ಬರ್ ಗೀಚಿದ ಸಾವಿರ ಗೆರೆಗಳು.

ಮುಚ್ಚಳ ತೆಗೆದೆ. ಸೋಪಿನ ಘಮ ಹುಡುಕುತ್ತಿದ್ದ ಮೂಗಿಗೆ ಮೊದಲು ಇಂಗು ಹೊಡೆಯಿತು. ಅದರ ಹಿಂದೆ ಇನ್ನೊಂದು ವಾಸನೆ ಬಂತು. ನಮ್ಮ ಮನೆಯಲ್ಲಿ ವಾಸನೆಗೆ ಒಂದೊಂದಕ್ಕೂ ಒಂದೊಂದು ಪದವಿದೆ. ಹಳೆಯ ಎಣ್ಣೆಯದು ಕಮಟು, ಒಣಗದ ಬಟ್ಟೆಯದು ಮುಗ್ಗಲು, ನಿನ್ನೆಯ ಸಾರಿನದು ಹಳಸಲು, ಒಗ್ಗರಣೆ ಹೊತ್ತಿದರೆ ಸೀದದ್ದು, ಮೆಣಸಿನಕಾಯಿಯದು ಘಾಟು. ಬಕೆಟ್ಟಿನಲ್ಲಿದ್ದುದು ಇದ್ಯಾವುದೂ ಅಲ್ಲ. ಸಿಹಿ, ಹುಳಿ, ಉಪ್ಪು, ಕೊಳೆತ ಹಣ್ಣು, ಸ್ವಲ್ಪ ಚರ್ಮದ ಚಪ್ಪಲಿ. ಡೈರಿಯಲ್ಲಿ "ಹೆಸರಿಲ್ಲದ್ದು" ಎಂದು ಬರೆದೆ.

"ಅಕ್ಕ, ಇದಕ್ಕೆ ಏನೋ ವಾಸನೆ ಬರ್ತಿದೆಯಲ್ಲ?"

"ಇಂಗಲ್ವಾ? ಎರಡು ದಿನ ಗಾಳಿಗಿಡು, ಹೋಗ್ತದೆ." ಮುಖ ತಿರುಗಿಸಿ ತೆಂಗಿನಕಾಯಿ ತುರಿಯತೊಡಗಿದರು.

ಎರಡು ದಿನ ಗಾಳಿಗಿಟ್ಟೆ. ಹೋಗಲಿಲ್ಲ. ಆಮೇಲೆ ಕ್ರಮವಾಗಿ ಶುರುಮಾಡಿದೆ. ಒಂದು ಸಂಜೆಗೆ ಒಂದೇ ಪ್ರಯೋಗ, ಮರುದಿನ ಬೆಳಿಗ್ಗೆ ಮೂಸಿ ಐದಕ್ಕೆ ಇಷ್ಟು ಎಂದು ಅಂಕ. ಪಾತ್ರೆ ತೊಳೆಯುವ ದ್ರವ ಮತ್ತು ಕೈ ತಡೆಯುವಷ್ಟು ಬಿಸಿನೀರು: ಐದಕ್ಕೆ ಐದು, ಏನೂ ಬದಲಿಲ್ಲ. ವಿನೆಗರ್: ನಾಲ್ಕೂವರೆ, ಮೇಲೆ ವಿನೆಗರಿನದೇ ಹುಳಿ. ನಿಂಬೆಸಿಪ್ಪೆ: ಇಂಗು ಹಾಕಿದ ನಿಂಬೆಹಣ್ಣಿನ ಚಿತ್ರಾನ್ನ. ಹಳೆಯ ಪೇಪರ್ ಉಂಡೆಮಾಡಿ ತುಂಬಿದ್ದು: ನಾಲ್ಕು, ಪೇಪರ್ ಮಾತ್ರ ಮುಟ್ಟಲಾಗದಂತಾಯಿತು. ಅಡಿಗೆ ಸೋಡದ ನೀರು ಬಾಯಿತನಕ ತುಂಬಿ ರಾತ್ರಿಯಿಡೀ ಬಿಟ್ಟದ್ದು: ಮೂರು. ಸೋಡ ಎಂದರೆ ನನಗೆ ಆ ದಿನದಿಂದ ಗೌರವ. ಅದನ್ನೇ ಮತ್ತೆ ಮಾಡಿ, ಮರುದಿನ ಬಾಲ್ಕನಿಯ ಬಿಸಿಲಿಗೆ ಬಾಯಿ ತೆರೆದಿಟ್ಟೆ. ಎರಡೂವರೆ. ಅಲ್ಲಿಗೆ ನಿಂತಿತು. ಕೆಳಗಿಳಿಯಲೇ ಇಲ್ಲ.

ಸಾಕು ಎಂದುಕೊಂಡು ಒಂದು ಸಲ ಚಹಾ ಹಾಕಿದೆ. ತಾಯಿಯಿಂದ ಒಂದು ತುಂಡು ಬಿಟ್ಟೆ. ಒಂದು ವಾರದ ಮೇಲೆ ನಲ್ಲಿ ತಿರುಗಿಸಿ ಲೋಟಕ್ಕೆ ಹಿಡಿದು ಬಾಯಿಗಿಟ್ಟರೆ, ಮೊದಲ ಗುಟುಕನ್ನೇ ಸಿಂಕಿಗೆ ಉಗಿದೆ. ಇಡೀ ಬಕೆಟ್ ಚೆಲ್ಲಿದೆ. ತಾಯಿಯ ತುಂಡನ್ನೂ ಕಸಕ್ಕೆ ಹಾಕಬೇಕಾಯಿತು. ಅಷ್ಟಾದರೂ ನನ್ನ ಕೋಪವೆಲ್ಲ ಇಂಗಿನ ಮೇಲೆಯೇ ಇತ್ತು, ಅಕ್ಕನ ಮೇಲೆ ಇರಲಿಲ್ಲ. ಒಳ್ಳೆಯದು ಮಾಡಲು ಹೋಗಿ ಕೆಡಿಸಿದ್ದಾರೆ, ಪಾಪ, ಎಂದೇ ತಿಳಿದಿದ್ದೆ. ಆ 'ಪಾಪ' ಎಂಬ ಪದವನ್ನು ಡೈರಿಯಲ್ಲಿ ಬರೆದೂ ಇದ್ದೇನೆ. ಈಗ ಓದಿದರೆ ಮೈಯೆಲ್ಲ ಉರಿಯುತ್ತದೆ.

ನಾನು ಬಿಸಿನೀರು ಹಾಕಿದಾಗಲೆಲ್ಲ ಹಬೆಯ ಜೊತೆ ಆ ವಾಸನೆ ಎದ್ದು ಬಾಲ್ಕನಿಯಿಂದ ಮೇಲಕ್ಕೆ ಹೋಗುತ್ತಿತ್ತು. ಮೇಲೆ ಮೂರನೆಯ ಮಹಡಿಯಲ್ಲಿ ಬೆಂಗಳೂರಿನ ಒಬ್ಬರಿದ್ದಾರೆ. ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್. ಕಟ್ಟಡದ ಎಲ್ಲರಿಗೂ ಅಂಕಲ್. ಒಂದು ಸಂಜೆ ಲಿಫ್ಟಿನಲ್ಲಿ ಸಿಕ್ಕರು.

"ಏನಮ್ಮಾ, ಮನೇಲಿ ಏನೋ ಪ್ರಯೋಗ ನಡೀತಿದೆ?"

"ಬಕೆಟ್ ತೊಳೀತಿದ್ದೀನಿ ಅಂಕಲ್."

"ಬಕೆಟ್ಟು!" ನಕ್ಕರು. "ನೋಡಮ್ಮ, ನಾವೂ ನಿನ್ನ ವಯಸ್ಸು ದಾಟಿಯೇ ಬಂದಿರೋದು. ಆ ವಾಸನೆ ನನಗೆ ಗೊತ್ತಾಗಲ್ವಾ? ಸಕ್ಕರೆ, ಹಣ್ಣು, ಯೀಸ್ಟು. ಇದು ಇಂಡಿಯಾ ಅಲ್ಲ. ಇಲ್ಲಿ ಮನೇಲಿ ಕಾಯಿಸಿ ಸಿಕ್ಕಿಬಿದ್ರೆ ಸೀದಾ ಒಳಗೆ, ಆಮೇಲೆ ಸೀದಾ ಊರಿಗೆ."

ಲಿಫ್ಟಿನ ಬಾಗಿಲು ತೆರೆದು ಅವರು ಹೋಗಿಬಿಟ್ಟರು. ಆ ವಾಸನೆ ಅವರಿಗೆ ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ. ಅವರ ಹತ್ತಿರ ಮದ್ಯ ಕೊಳ್ಳುವ ಪರ್ಮಿಟ್ ಇದೆ, ಅವರ ಮನೆಯ ಶೋಕೇಸಿನಲ್ಲಿ ಸಾಲಾಗಿ ಬಾಟಲಿಗಳಿವೆ, ಅದು ಅಂತಸ್ತು. ಎರಡನೆಯ ಮಹಡಿಯಲ್ಲಿ ಒಂಟಿಯಾಗಿ ಇರುವ ಹುಡುಗಿಯ ಬಕೆಟ್ಟಿನಿಂದ ಹುಳಿ ವಾಸನೆ ಬಂದರೆ ಅದು ಕಳ್ಳಬಟ್ಟಿ. ಅದೇ ಬಕೆಟ್ ಭಾವನದ್ದಾಗಿದ್ದರೆ ಅಂಕಲ್ ನಗುತ್ತಾ ಒಂದು ಲೋಟ ಕೇಳುತ್ತಿದ್ದರು. ಇದನ್ನು ನಾನು ಊಹೆ ಎಂದು ಹೇಳುತ್ತಿಲ್ಲ.

ಶನಿವಾರ ಬೆಳಿಗ್ಗೆ ಕಟ್ಟಡದ ಏಜೆಂಟ್ ಬಂದರು. ಮಾಲೀಕರ ಪರವಾಗಿ ಮನೆ ಕೊಡುವುದು, ಬಿಡಿಸುವುದು ಎಲ್ಲ ಅವರೇ. ಕೇರಳದವರು, ನಮ್ಮ ಜೊತೆ ಹಿಂದಿಯಲ್ಲಿ ಮಾತು. ಹಿಂದೆ ಅಂಕಲ್ ಕೂಡ ಇದ್ದರು, ಕೈಕಟ್ಟಿಕೊಂಡು.

ಏಜೆಂಟ್ ಬಾಲ್ಕನಿಗೆ ಹೋಗಿ ಬಕೆಟ್ಟಿನ ಮುಚ್ಚಳ ತೆಗೆದು, ತಟ್ಟನೆ ಹಾಕಿದರು. "ಯೇ ಕಿಸ್ಕಾ ಹೈ?"

"ನನ್ನದು," ಎಂದೆ. ಚಹಾದ ವಿಷಯ ಹೇಳಿದೆ. ಕಪಾಟಿನಿಂದ ತಾಯಿಯ ಬಾಟಲಿ ತಂದು ತೋರಿಸಿದೆ. ಅದನ್ನು ತೋರಿಸಬಾರದಿತ್ತು. ಹಳದಿ ನೀರಿನಲ್ಲಿ ತೇಲುವ ಆ ಪದರ ನೋಡಿದವರಿಗೆ ನನ್ನ ಮೇಲೆ ನಂಬಿಕೆ ಹೆಚ್ಚುವ ಹಾಗೇನೂ ಇರಲಿಲ್ಲ. "ಈ ವಾಸನೆ ಚಹಾದ್ದಲ್ಲ. ನಾನು ಊರಲ್ಲಿದ್ದಾಗ ಅಕ್ಕ ಬಟ್ಟೆ ತೊಳೆಯೋಕೆ ತಗೊಂಡಿದ್ರು. ಅವರನ್ನೇ ಕೇಳಿ," ಎಂದು ಅಕ್ಕನ ಕಡೆ ತಿರುಗಿದೆ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯಿಂದ ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅಂಕಲ್ ಕೇಳಿದರು: "ಏನ್ರೀ, ನಿಮ್ದಾ ಇದು?"

"ನಮ್ಮದಲ್ಲಪ್ಪ. ಬಕೆಟ್ ಅವಳದ್ದು," ಅಂದರು ಅಕ್ಕ. "ತೊಳ್ದಿಟ್ಟದ್ದು ಮಾತ್ರ ನಾನು. ಒಳಗೆ ಎಂತ ಇತ್ತೋ, ನನಗೆಂತ ಗೊತ್ತು."

ಭಾವ ಸೋಫಾದಲ್ಲಿ ಕೂತು ಫೋನಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಏಜೆಂಟ್ ಕೈಯೆತ್ತಿದರು. ಪೊಲೀಸಿನವರು ಬಂದರೆ ಮಾಲೀಕರ ಹೆಸರೂ ಬರುತ್ತದೆ, ತನ್ನ ಕೆಲಸವೂ ಹೋಗುತ್ತದೆ. "ನೆಕ್ಸ್ಟ್ ಫ್ರೈಡೇ ಮೈ ಆಯೇಗಾ. ಸ್ಮೆಲ್ ಹೈ ತೋ ಖಲಾಸ್. ರೂಮ್ ಖಾಲಿ." ಅಂಕಲ್ ಹೋಗುತ್ತಾ ಹೇಳಿದ್ದು ಇನ್ನೂ ಚೆಂದ: "ನಿನ್ನ ಒಳ್ಳೇದಕ್ಕೇ ಕಣಮ್ಮ. ಆಫೀಸಿಗೆ ಗೊತ್ತಾದ್ರೆ ಕಷ್ಟ."

ಆ ಮಾತೇ ನನ್ನನ್ನು ಹಿಡಿದುಕೊಂಡಿತು. ಕೋಣೆ ಹೋದರೆ ಓಲ್ಡ್ ಏರ್‌ಪೋರ್ಟ್ ಕಡೆ ಇನ್ನೊಂದು ಸಿಗಬಹುದು. ಆದರೆ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಈ ಕಟ್ಟಡದವರು ಏನು ಹೇಳುತ್ತಾರೆ? ದೋಹಾದ ಕನ್ನಡದವರ ನಡುವೆ ಸುದ್ದಿಗೆ ಟ್ಯಾಕ್ಸಿ ಬೇಕಾಗುವುದಿಲ್ಲ. 'ಕಳ್ಳಬಟ್ಟಿ ಕಾಯಿಸ್ತಿದ್ಲಂತೆ' ಎಂಬ ಒಂದು ವಾಕ್ಯ ಒಮ್ಮೆ ಹೊರಟರೆ ನನ್ನ ಆಫೀಸಿನ ಮೇಜಿನವರೆಗೂ ಬರುತ್ತದೆ. ನಾನು ಕುಡಿಯದ ಹೆಂಡದ ವಾಸನೆ ನನ್ನ ವೀಸಾಕ್ಕೆ ಅಂಟಿಕೊಳ್ಳುತ್ತದೆ.

ಇನ್ನೂ ಆರು ದಿನ ಇತ್ತು. ಸೋಡದ ಡಬ್ಬಿಗಳನ್ನು ತಂದು ಅಡುಗೆಮನೆಯಲ್ಲಿ ಸಾಲಾಗಿಟ್ಟೆ. ಬಕೆಟ್ಟಿಗೆ ನೀರು ತುಂಬುತ್ತಿದ್ದಾಗ ಒಂದು ಯೋಚನೆ ಬಂದು ಕೈ ಅಲ್ಲೇ ನಿಂತಿತು. ಶುಕ್ರವಾರದ ಹೊತ್ತಿಗೆ ಬಕೆಟ್ ಘಮಘಮ ಆಗಿಬಿಟ್ಟರೆ? ಅಂಕಲ್ ಹೇಳುವುದು ಕಿವಿಗೇ ಕೇಳಿಸಿತು: 'ನೋಡಿ, ಎಲ್ಲ ತೊಳೆದು ಮುಗಿಸಿಬಿಟ್ಟಿದ್ದಾಳೆ.' ಕೋಣೆ ಉಳಿಯಬಹುದು, ಹೆಸರು ಉಳಿಯುವುದಿಲ್ಲ. ವಾಸನೆ ಹೋದರೆ ಆ ವಾಸನೆ ಯಾವುದರದು ಎಂದು ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ. ಅಷ್ಟು ದಿನ ನಾನು ಉಜ್ಜಿ ಉಜ್ಜಿ ಅಳಿಸುತ್ತಿದ್ದುದು ನನ್ನ ಪರವಾಗಿದ್ದ ಒಂದೇ ಒಂದು ಸಾಕ್ಷಿಯನ್ನು.

ಸೋಡ ಹಾಕಲಿಲ್ಲ. ನೀರು ಚೆಲ್ಲಿ, ಬಕೆಟ್ಟನ್ನು ಒರೆಸಿ, ಮೊದಲ ಸಲ ಅದನ್ನು ತೊಳೆಯಲೆಂದಲ್ಲದೆ ನೋಡಲೆಂದು ನೋಡಿದೆ. ಗೋಡೆ ಮೂಸಿದೆ, ಎರಡು. ತಳ, ಎರಡು. ಮುಚ್ಚಳ, ಒಂದೂವರೆ. ನಲ್ಲಿಯ ಹತ್ತಿರ ಬಂದಾಗ ಐದು. ಇಷ್ಟು ದಿನ ನಲ್ಲಿಯನ್ನು ತಿರುಗಿಸಿ ಅದರ ಮೂಲಕ ನೀರು ಹರಿಸಿದ್ದೆನೇ ಹೊರತು ಬಿಚ್ಚಿರಲಿಲ್ಲ. ಒಳಗಿನ ನಟ್ಟು ಸಡಿಲಿಸಿ ಕಿತ್ತೆ. ರಬ್ಬರ್ ವಾಷರಿನ ಅಡಿಯಲ್ಲಿ, ಕೆಸರಿನಂಥ ಉಪ್ಪಿನ ಜೊತೆ, ಒಂದು ಎಳೆ ಸಿಕ್ಕಿಕೊಂಡಿತ್ತು. ಚಪ್ಪಟೆ, ತಿಳಿಹಳದಿ, ಬೆರಳುದ್ದದ ನಾರು. ಬೆಳಕಿಗೆ ಹಿಡಿದೆ. ಮೈಸೂರಿನವಳಾದರೂ ಹಲಸಿನ ಹಣ್ಣು ಬಿಡಿಸಿದವಳು ನಾನು. ಅದು ಹಲಸಿನ ತೊಳೆಯ ನಾರು.

ತೊಳೆ.

ನಮ್ಮ ಕಡೆ ಹಲಸಿನ ಹಣ್ಣಿನ ಒಂದೊಂದು ಭಾಗಕ್ಕೆ ತೊಳೆ ಅನ್ನುತ್ತೇವೆ. ಅಕ್ಕನ ಕಡೆ ಅದು ಸೊಳೆ; ಬೆಳೆದ ಕಾಯಿಯ ಸೊಳೆಯನ್ನು ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಡುತ್ತಾರೆ. ಮಾರುಕಟ್ಟೆಯ ಗದ್ದಲದಲ್ಲಿ ಅವರು ಕೇಳಿದ್ದು 'ಸೊಳೆಗೆ ತಕೊಳ್ಲಾ' ಎಂದು. ನಾನು 'ತೊಳೆಯಕ್ಕಾ' ಎಂದೆ. ಮೈಸೂರಿನವಳು ತನ್ನ ಮಾತಿನಲ್ಲಿ ಸೊಳೆಯನ್ನೇ ಹೇಳುತ್ತಿದ್ದಾಳೆ ಎಂದು ತಿಳಿದು ಅವರು 'ಅದೇ ಅದೇ' ಎಂದರು. ಇಬ್ಬರೂ ಕನ್ನಡದಲ್ಲೇ ಮಾತಾಡಿ, ಇಬ್ಬರೂ ಒಪ್ಪಿ, ನನ್ನ ಬಕೆಟ್ಟಿನಲ್ಲಿ ಹಲಸಿನಕಾಯಿಯ ಸೊಳೆ ಉಪ್ಪಿಗೆ ಬಿದ್ದಿತ್ತು.

ಅಲ್ಲಿಯವರೆಗೆ ಅದು ನಗುವ ವಿಷಯ. ನಾನೂ ನಗುತ್ತಿದ್ದೆ. ಆದರೆ ಶನಿವಾರ 'ಒಳಗೆ ಎಂತ ಇತ್ತೋ' ಎಂದದ್ದು ಕಿವಿ ತಪ್ಪಿ ಕೇಳಿದ್ದಲ್ಲ.

ಎಳೆಯನ್ನೂ ವಾಷರನ್ನೂ ಒಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಒಬ್ಬರೇ ಇದ್ದರು. ಚೀಲವನ್ನು ಅವರ ಮುಂದೆ ಒಲೆಕಟ್ಟೆಯ ಮೇಲಿಟ್ಟೆ. ನೋಡಿದವರೇ ಕಾವಲಿಯ ಕೆಳಗಿನ ಉರಿ ಆರಿಸಿದರು.

"ಕೇಳಿಯೇ ತಕೊಂಡದ್ದಲ್ವಾ ನಾನು?" ಅಂದರು. "ಸೊಳೆಗೆ ಅಂತ ಹೇಳಿದ್ದೇನೆ. ಭರಣಿ ಒಡ್ದು ಹೋಗಿತ್ತು. ಅಂಗಡಿಗೆ ಒಳ್ಳೆ ಬೆಳೆದ ಹಲಸಿನಕಾಯಿ ಬಂದಿತ್ತು, ಅದು ದಿನಾ ಬರುದಾ ಇಲ್ಲಿ? ನೀನು ಬರುವಷ್ಟರಲ್ಲಿ ತೆಗ್ದು ಬಾಟ್ಲಿಗೆ ಹಾಕಿದೆ."

"ತಗೊಂಡಿದ್ದಕ್ಕೆ ನಾನೇನೂ ಅಂತಿಲ್ಲ ಅಕ್ಕ. ಶನಿವಾರ ಯಾಕೆ ಹೇಳ್ಲಿಲ್ಲ?"

ಅವರು ಸೌಟು ತೆಗೆದುಕೊಂಡು ದೋಸೆಹಿಟ್ಟು ಕಲಕತೊಡಗಿದರು.

"ನನ್ನ ಕಳ್ಳಬಟ್ಟಿಯವಳನ್ನ ಮಾಡಿದ್ರಲ್ಲ ಅವರು. ನೀವು ಅಲ್ಲೇ ನಿಂತಿದ್ರಿ."

"ಆ ಮೇಲಿನ ಮನೆಯವರ ಹೆಂಡತಿ ಹಿಂದೆ ಒಮ್ಮೆ ಊಟಕ್ಕೆ ಬಂದಾಗ ಸೊಳೆ ಪಲ್ಯ ಮಾಡಿದ್ದೆ," ಅಂದರು ಅಕ್ಕ, ನನ್ನ ಕಡೆ ನೋಡದೆ. "ಒಳಗೆ ಬಂದವಳೇ ಮೂಗಿಗೆ ಸೆರಗು ಹಿಡ್ದು, ಇಲಿ ಗಿಲಿ ಸತ್ತಿದೆಯಾ ನೋಡಿ ಅಂದ್ಳು. ಎಲ್ಲರ ಎದುರು. ಆಮೇಲೆ ಮೆಟ್ಟಿಲಲ್ಲಿ ನಾನು ಸಿಕ್ಕಿದರೆ ಸಾಕು, ನಗಾಡುದು. ಇನ್ನೊಮ್ಮೆ ಆ ಮನುಷ್ಯನ ಎದುರು ಇದು ನನ್ನದು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ ಮಾರಾಯ್ತಿ. ನೀನಾದ್ರೆ ಓದಿದವಳು, ಎಂತಾದ್ರೂ ಹೇಳಿ ಸುಧಾರಿಸ್ತಿ ಅಂತ..."

ನನಗೆ ಅವರ ಮೇಲೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಇಲಿ ಸತ್ತಿದೆಯಾ ಎಂದ ಹೆಂಗಸಿನ ಮೇಲೆ ಸಿಟ್ಟು ಬಂತು, ಅದರ ಹತ್ತರಷ್ಟು ಅಕ್ಕನ ಮೇಲೆ ಬಂತು. ಒಂದು ಪಲ್ಯದ ಅವಮಾನ ತಪ್ಪಿಸಿಕೊಳ್ಳಲು ಒಬ್ಬ ಹುಡುಗಿಯ ಮೇಲೆ ಜೈಲಿಗೆ ಕಳಿಸುವಂಥ ಆರೋಪ ಬಿದ್ದರೂ ಪರವಾಗಿಲ್ಲ ಎಂದು ಈ ಮನೆಯಲ್ಲಿ ತೂಗಿ ನೋಡಲಾಗಿತ್ತು. ತೂಕದಲ್ಲಿ ನಾನು ಹಲಸಿಗಿಂತ ಹಗುರಾಗಿದ್ದೆ.

"ಶುಕ್ರವಾರ ಅವರ ಎದುರಿಗೇ ನೀವೇ ಹೇಳ್ಬೇಕು ಅಕ್ಕ. ಇಲ್ಲದಿದ್ರೆ ಈ ಚೀಲ ನಾನು ತೋರಿಸ್ತೀನಿ."

ಅವರು ಕಾವಲಿಗೆ ಮತ್ತೆ ಉರಿ ಹಚ್ಚಿದರು. ಆ ವಾರವಿಡೀ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಡೈರಿಯಲ್ಲಿ ಬರೆದಿದ್ದೇನೆ, ಒಂದು ಸಾಲಿನಲ್ಲಿ ಮುಗಿಯುತ್ತದೆ: ಗ್ಯಾಸ್ ಬಂತಾ, ಬಂತು, ಹಾಲು ಉಂಟಾ, ಇದೆ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದು ರಸ್ತೆಯಲ್ಲಿ ಕಾರುಗಳ ಹಾರ್ನು ಶುರುವಾದ ಮೇಲೆ ಏಜೆಂಟ್ ಬಂದರು. ಅಂಕಲ್ ಇಳಿದು ಬಂದರು. ಭಾವ ಎಲ್ಲರನ್ನೂ ಕೂರಿಸಿದರು. ಬಕೆಟ್ಟನ್ನು ನಾನೇ ತಂದು ನಡುಮನೆಯಲ್ಲಿಟ್ಟೆ. ಅಕ್ಕ ಚಹಾದ ತಟ್ಟೆ ಹಿಡಿದು ಬಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ತಟ್ಟೆ ಇಟ್ಟರು, ಲೋಟ ಕೊಟ್ಟರು, ಸಕ್ಕರೆ ಸಾಕಾ ಎಂದು ಕೇಳಿದರು. ಬೇರೇನೂ ಇಲ್ಲ.

ಸರಿ ಎಂದು ಚೀಲ ತೆರೆದು ಏಜೆಂಟರ ಕೈಗೆ ಕೊಟ್ಟೆ. "ವಾಸನೆ ಇರೋದು ಇಲ್ಲಿ. ಇದು ಮದ್ಯ ಅಲ್ಲ, ತಿನ್ನೋ ಪದಾರ್ಥ," ಎಂದು ಹಿಂದಿಯಲ್ಲಿ ಹೇಳಿದೆ. ಅವರು ಇಣುಕುವ ಮೊದಲೇ ಅಂಕಲ್ ಚೀಲವನ್ನು ಕಿತ್ತುಕೊಂಡು ಮೂಸಿ, ಮುಖ ಹಿಂಡಿದರು.

"ಇದೇ! ಇದೇ ನಾನು ಹೇಳಿದ್ದು. ತಿನ್ನೋ ಪದಾರ್ಥವಂತೆ! ಮನುಷ್ಯರು ತಿನ್ನೋದಕ್ಕೆ ಇಂಥ ನಾತ ಇರುತ್ತೇನಮ್ಮ? ಕೊಳೆಸಿ ಕೊಳೆಸಿ ಹೆಂಡ ಮಾಡಿರೋದು ಇದು. ಹಂದೀನೂ ಮೂಸಲ್ಲ."

"ಎಂತ ಹೇಳಿದ್ರಿ?"

ಕೇಳಿದ್ದು ಅಕ್ಕ. ಸಕ್ಕರೆಯ ಚಮಚ ಅವರ ಕೈಯಲ್ಲೇ ಇತ್ತು.

"ಅಲ್ಲ, ನಿಮಗೆ ಹೇಳಿದ್ದಲ್ಲ..."

"ನನಗೇ ಹೇಳಿದ್ದು. ಅದು ನನ್ನ ಸೊಳೆ. ಕೊಳ್ತದ್ದಂತೆ! ಕಲ್ಲುಪ್ಪು ಹಾಕಿ, ಭಾರ ಇಟ್ಟು, ನನ್ನ ಅಜ್ಜಿ ಹಾಕಿದ ಹಾಗೆಯೇ ಹಾಕಿದ್ದು ನಾನು. ಹೆಂಡಕ್ಕೂ ಹಲಸಿಗೂ ವ್ಯತ್ಯಾಸ ಗೊತ್ತಾಗದ ಮೂಗು ಇಟ್ಕೊಂಡು ನೀವು ಊರವರ ಬಕೆಟ್ ಮೂಸ್ಲಿಕ್ಕೆ ಬರುದಾ?"

ಸೀದಾ ಬಾಲ್ಕನಿಗೆ ಹೋಗಿ, ವಾಷಿಂಗ್ ಮೆಷಿನ್ನಿನ ಹಿಂದಿನಿಂದ ಹಳೆಯ ಬಟ್ಟೆ ಸುತ್ತಿದ ದೊಡ್ಡ ಬಾಟಲಿಯನ್ನು ಎತ್ತಿಕೊಂಡು ಬಂದು, ಮುಚ್ಚಳ ತೆಗೆದು ಅಂಕಲ್‌ನ ಚಹಾದ ಪಕ್ಕದಲ್ಲಿ ಕುಕ್ಕಿದರು. ನಡುಮನೆ ತುಂಬಿತು. ನನ್ನ ಲೆಕ್ಕದಲ್ಲಿ ಐದಕ್ಕೆ ಏಳು.

ಏಜೆಂಟ್ ಬಾಟಲಿಯೊಳಗೆ ಇಣುಕಿ ಸೋಫಾಕ್ಕೆ ಒರಗಿ ನಕ್ಕರು. "ಅಯ್ಯೋ, ಇದ್ ಚಕ್ಕಯಲ್ಲೇ! ಖಲಾಸ್, ಖಲಾಸ್." ಅವರ ಮಲಯಾಳದಲ್ಲಿ ಹಲಸಿಗೆ ಚಕ್ಕ ಅನ್ನುತ್ತಾರೆ.

"ಸಿಪ್ಪೆ ತೆಗ್ದದ್ದು ನಾನೇ," ಅಂದರು ಭಾವ. ಅಷ್ಟು ದಿನದಲ್ಲಿ ಈ ವಿಷಯದ ಬಗ್ಗೆ ಅವರ ಮೊದಲ ಮಾತು. "ಕೈಗೆ ಎಣ್ಣೆ ಹಚ್ಚಿದ್ರೂ ಮೇಣ ಎರಡು ದಿನ ಹೋಗ್ಲಿಲ್ಲ."

ಹಾಗಾದರೆ ಈ ಮನುಷ್ಯನಿಗೂ ಗೊತ್ತಿತ್ತು. ಫೋನಿನಲ್ಲಿ ಅಷ್ಟು ಶ್ರದ್ಧೆಯಿಂದ ಓದುತ್ತಿದ್ದವರಿಗೆ.

ಅಂಕಲ್ ಎದ್ದರು. ಕ್ಷಮೆ ಕೇಳುತ್ತಾರೆ ಎಂದು ಒಂದು ಗಳಿಗೆ ನಾನು ಕಾದೆ. ಅವರು ನನ್ನ ಕಡೆ ತಿರುಗಿ, ನನ್ನ ಕಡೆಯೇ ತಿರುಗಿ, "ಇದನ್ನ ಮೊದಲೇ ಹೇಳೋಕೇನಮ್ಮ ಕಷ್ಟ?" ಎಂದು ಕೇಳಿ ಬಾಗಿಲು ದಾಟಿದರು.

ಆ ದಿನ ನನ್ನ ಕೋಣೆ ಉಳಿಯಿತು, ಹೆಸರೂ ಉಳಿಯಿತು. ಆದರೆ ಉಳಿಸಿದವರು ನನಗಾಗಿ ಉಳಿಸಲಿಲ್ಲ. ನನ್ನ ಮೇಲೆ ಹೆಂಡದ ಆರೋಪ ಬಂದಾಗ ಬಾರದ ಬಾಯಿ, ಹಲಸಿಗೆ ಕೊಳೆತದ್ದು ಎಂದಾಗ ಬಂತು. ನನ್ನ ಮರ್ಯಾದೆ ಸೊಳೆಯ ಮರ್ಯಾದೆಯ ಹಿಂದೆ ಬಾಲಂಗೋಚಿಯಂತೆ ಬಂದು ಪಾರಾಯಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಹತ್ತುತ್ತದೆ.

ಸಂಜೆ ಅಕ್ಕ ನನ್ನ ಕೋಣೆಯ ಬಾಗಿಲು ತಟ್ಟಿದರು. ಕೈಯಲ್ಲಿ ತಟ್ಟೆ, ಅದರಲ್ಲಿ ಬಿಸಿ ಸೊಳೆ ರೊಟ್ಟಿ, ಮೇಲೆ ಬೆಣ್ಣೆ. ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸಿ ರುಬ್ಬಿ ಮಾಡಿದ್ದಂತೆ. ತಪ್ಪಾಯಿತು ಎಂಬ ಮಾತನ್ನು ಅವರು ಆಡಲಿಲ್ಲ. ನಾನು ರೊಟ್ಟಿ ತಿಂದೆ. ರುಚಿಯಾಗಿತ್ತು, ಅದೂ ಒಂದು ಸಿಟ್ಟಿನ ವಿಷಯ.

ತಟ್ಟೆ ತೆಗೆದುಕೊಳ್ಳುವಾಗ ಅಕ್ಕ ಬಾಗಿಲಲ್ಲೇ ನಿಂತರು. "ಅಲ್ಲ ಮಾರಾಯ್ತಿ... ಆ ಬಕೆಟ್ ಇನ್ನು ನಿನ್ನ ಚಾಯಕ್ಕೆ ಆಗುದಿಲ್ಲ ಅಲ್ವಾ? ಹೇಗೂ ಸೊಳೆಯ ವಾಸನೆ ಹಿಡ್ದಿದೆ. ನನಗೇ ಕೊಡು."

ನಾನು ಅವರನ್ನು ನೋಡಿದೆ. ಅವರು ನಿಜವಾಗಿಯೂ ಬಕೆಟ್ಟನ್ನೇ ಕೇಳುತ್ತಿದ್ದರು.

ಕೊಟ್ಟೆ. ಹೊಸ ವಾಷರ್ ತಂದು ಹಾಕಿಯೇ ಕೊಟ್ಟೆ. ನನಗೆ ಗಾಜಿನ ಜಾಡಿ ಬಂತು, ಸ್ಟೀಲಿನ ನಲ್ಲಿ ಇರುವಂಥದ್ದು. ಅದನ್ನು ಕೋಣೆಯೊಳಗೇ ಇಡುತ್ತೇನೆ. ಕಪಾಟಿನ ಬಾಟಲಿಯಲ್ಲಿ ಉಳಿದಿದ್ದ ತಾಯಿ ಅದರಲ್ಲಿ ಹೊಸ ಪದರ ಕಟ್ಟಿದ್ದಾಳೆ. ಬಕೆಟ್ ಕೊಡುವ ಮೊದಲು ಆಫೀಸಿನ ದಪ್ಪ ಕಪ್ಪು ಮಾರ್ಕರ್‌ನಿಂದ ಅದರ ಎರಡು ಬದಿಗೂ 'ಹಲಸಿನ ಸೊಳೆ' ಎಂದು ದೊಡ್ಡದಾಗಿ ಬರೆದೆ, ನೀರಿಗೆ ಹೋಗದ ಮಸಿಯಲ್ಲಿ. ಆಮೇಲೆ ಯೋಚಿಸಿ ಮುಚ್ಚಳದ ಮೇಲೂ ಬರೆದೆ. ಮೂರನೆಯ ಮಹಡಿಯಿಂದ ನಮ್ಮ ಬಾಲ್ಕನಿಗೆ ಇಣುಕುವವರಿಗೆ ಕಾಣುವುದು ಮುಚ್ಚಳ ತಾನೇ.